ದೀಪ ಹಚ್ಚದ ಶುಕ್ರವಾರ

ಪ್ರಶ್ನೆ: ನನಗೆ 37 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಕೆಲಸ. ಗಂಡನೂ ದುಡಿಯುತ್ತಾರೆ. ಎಂಟು ವರ್ಷದ ಮಗ ಇದ್ದಾನೆ. ನನ್ನ ತವರು ತೀರ್ಥಹಳ್ಳಿ ಕಡೆ. ಅಪ್ಪ ದಿನಾ ಬೆಳಿಗ್ಗೆ ಒಂದು ಗಂಟೆ ದೇವರ ಪೂಜೆ ಮಾಡುತ್ತಿದ್ದರು. ಗಂಧ ತೇಯ್ದು ಕೊಡುವುದು, ತುಳಸಿ ಕೊಯ್ದು ತರುವುದು ನನ್ನ ಪಾಲಿನ ಕೆಲಸ. ಅಂಥ ಮನೆಯಲ್ಲಿ ಬೆಳೆದವಳಿಗೆ ಈಗ 7.10ರ ಕ್ಯಾಬ್ ಹಿಡಿಯುವ ಗಡಿಬಿಡಿಯಲ್ಲಿ ದೇವರ ಮುಂದೆ ಎರಡು ನಿಮಿಷ ನಿಲ್ಲಲೂ ಆಗುತ್ತಿಲ್ಲ. ವಿಷ್ಣುಸಹಸ್ರನಾಮವನ್ನು ಕ್ಯಾಬಿನಲ್ಲಿ ಕೇಳುತ್ತೇನೆ. ಏಳೂವರೆಗೆ ಆಫೀಸಿನ ಕಾಲ್ ಶುರುವಾಗುತ್ತದೆ, ಅಷ್ಟರೊಳಗೆ ಮುಗಿಯಬೇಕಲ್ಲ ಅಂತ ಫೋನಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಇಟ್ಟುಕೊಂಡಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೊದಲೆಲ್ಲ ಏನೇ ಆದರೂ ದೀಪ ಮಾತ್ರ ತಪ್ಪಿಸುತ್ತಿರಲಿಲ್ಲ. ಹೋದ ವರ್ಷ ಒಂದು ಶುಕ್ರವಾರ ಮಾತ್ರ ಹಚ್ಚದೆ ಓಡಿದೆ. ಮರುದಿನವೇ ಮಗನಿಗೆ ಜ್ವರ. ಡೆಂಗಿ ಅಂತ ಗೊತ್ತಾಯಿತು, ಐದು ದಿನ ಆಸ್ಪತ್ರೆಯಲ್ಲಿದ್ದ. ಆಗಿನಿಂದ ದೀಪ ಹಚ್ಚದೆ ಹೊರಟರೆ ಎದೆ ಹೊಡೆದುಕೊಳ್ಳುತ್ತದೆ. ಹಚ್ಚಿ ಹೊರಟರೂ ನೆಮ್ಮದಿಯಿಲ್ಲ. ಸರಿಯಾಗಿ ಹಚ್ಚಿದೆನಾ, ಆರಿಹೋಯಿತಾ ಅಂತ ಅನುಮಾನ. ಗಂಡನಿಗೆ ಫೋನ್ ಮಾಡಿ ದೀಪದ ಫೋಟೋ ಕಳಿಸಿ ಅನ್ನುತ್ತೇನೆ, ಒಮ್ಮೊಮ್ಮೆ ಎರಡು ಮೂರು ಸಲ. ಪಾಪ, ಬೇಸರ ಮಾಡಿಕೊಳ್ಳದೆ ಕಳಿಸುತ್ತಾರೆ.

ಅತ್ತೆ ಊರಿನಿಂದ ಬಂದಾಗ “ದೀಪ ಕಾಣದ ಮನೇಲಿ ಲಕ್ಷ್ಮಿ ನಿಲ್ತಾಳೇನಮ್ಮಾ?” ಅನ್ನುತ್ತಾರೆ. ಗದರುವವರಲ್ಲ, ಒಳ್ಳೆಯವರೇ. ಆದರೂ ಚುಚ್ಚುತ್ತದೆ. ಈ ಸಲ ವರಮಹಾಲಕ್ಷ್ಮಿಗೆ ರಜೆ ಸಿಗುವುದೂ ಅನುಮಾನ. ಎಲ್ಲಕ್ಕಿಂತ ದೊಡ್ಡ ಸಂಕಟ ಎಂದರೆ, ಅಪರೂಪಕ್ಕೆ ಬಿಡುವಾಗಿ ದೇವರ ಮುಂದೆ ಕೂತರೂ ಏನೂ ಅನ್ನಿಸುವುದಿಲ್ಲ. ಕೈ ಮುಗಿದಿರುತ್ತದೆ, ಮನಸ್ಸು ಮಗನ ಟಿಫಿನ್ ಡಬ್ಬಿಯಲ್ಲಿರುತ್ತದೆ. ನನ್ನೊಳಗಿನ ಭಕ್ತಿ ಸತ್ತುಹೋಗಿದೆಯಾ?

– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ. ಭಕ್ತಿ ಸತ್ತುಹೋದವರು ಅದಕ್ಕಾಗಿ ಇಷ್ಟು ಉದ್ದದ ಪತ್ರ ಬರೆಯುವುದಿಲ್ಲ. ಬೇಡವಾದದ್ದನ್ನು ಕಳೆದುಕೊಂಡರೆ ಯಾರಿಗೂ ಸಂಕಟವಾಗುವುದಿಲ್ಲ ಅಲ್ಲವೇ? ನಿಮ್ಮ ಪತ್ರದ ತುಂಬ ಇರುವುದು ಹಂಬಲ. ಅದಕ್ಕೆ ಹೆದರಿಕೆ, ನಾಚಿಕೆ, ಆಯಾಸ ಮೂರೂ ಸೇರಿಕೊಂಡು, ಯಾವುದು ಯಾವುದೆಂದು ನಿಮಗೇ ತಿಳಿಯದಷ್ಟು ಕಲಸಿಹೋಗಿದೆ. ಇಂಥ ಸ್ಥಿತಿಯಲ್ಲಿ ಯಾರಿಗಾದರೂ ಎದೆ ಭಾರವಾಗುತ್ತದೆ. ನೀವು ಅದನ್ನು ಒಬ್ಬರೇ ಹೊತ್ತುಕೊಂಡು ದಿನಾ ಬೆಳಿಗ್ಗೆ ಕ್ಯಾಬ್ ಹತ್ತುತ್ತಿದ್ದೀರಿ. ಸ್ವಲ್ಪ ಕೆಳಗಿಳಿಸಿ, ಒಂದೊಂದಾಗಿ ಬಿಡಿಸಿ ನೋಡೋಣ.

ಆ ಒಂದೂವರೆ ಪಟ್ಟು ವೇಗದ ಸಹಸ್ರನಾಮಕ್ಕೆ ನಾಚಿಕೆಪಡಬೇಡಿ. ಓದಿದಾಗ ನನಗೆ ನಗು ಬಂತು, ಹಾಗೆಯೇ ನಿಮ್ಮ ಮೇಲೆ ಅಕ್ಕರೆಯೂ ಬಂತು. ಅರ್ಧ ಗಂಟೆಯ ಪಾರಾಯಣವನ್ನು ಇಪ್ಪತ್ತು ನಿಮಿಷದಲ್ಲಾದರೂ ಮುಗಿಸಿಯೇ ತೀರಬೇಕು ಎನ್ನುವವರಿಗೆ ಶ್ರದ್ಧೆ ಇಲ್ಲ ಎನ್ನಲು ಹೇಗೆ ಬರುತ್ತದೆ? ಆದರೆ ಅದೇ ಸಾಲಿನಲ್ಲಿ ನಿಮ್ಮ ತೊಂದರೆಯೂ ಇದೆ. ನೀವು ಅದನ್ನು ಕೇಳುತ್ತಿಲ್ಲ, ಮುಗಿಸುತ್ತಿದ್ದೀರಿ. ದಿನದಲ್ಲಿ ಮುಗಿಸಬೇಕಾದ ನೂರೆಂಟು ಕೆಲಸಗಳ ಪಟ್ಟಿಗೆ ದೇವರೂ ಸೇರಿಹೋಗಿದ್ದಾನೆ.

ಈ ಪತ್ರ ನಿಮ್ಮ ಮನೆಯದೊಂದೇ ಎಂದುಕೊಳ್ಳಬೇಡಿ. ಮೊದಲ ಬಸ್ಸು ಹಿಡಿಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ರಾತ್ರಿ ಪಾಳಿಯ ನರ್ಸುಗಳು, ನಮಾಜಿನ ಹೊತ್ತಿಗೆ ಸರಿಯಾಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಆಟೋ ಚಾಲಕರು, ಭಾನುವಾರವೂ ಅಂಗಡಿ ಬಾಗಿಲು ತೆಗೆಯಲೇಬೇಕಾದ ಕ್ರೈಸ್ತರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ. ಎಲ್ಲರೂ ತಮ್ಮ ಬಗ್ಗೆ ಒಂದೇ ತೀರ್ಪು ಕೊಟ್ಟುಕೊಳ್ಳುತ್ತಾರೆ: ‘ನಾನೇ ಸರಿಯಿಲ್ಲ.’ ಆ ತೀರ್ಪನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ಹೆದರಿಕೆಯನ್ನು ಮಾತಾಡಿ ಮುಗಿಸೋಣ. ಅದು ದಾರಿಯಿಂದ ಸರಿಯುವವರೆಗೆ ಉಳಿದದ್ದು ಕಾಣುವುದಿಲ್ಲ.

ನಿಮ್ಮ ಮಗನಿಗೆ ಜ್ವರ ಬಂದದ್ದು ಶನಿವಾರ. ಡೆಂಗಿಯ ಸೊಳ್ಳೆ ಕಚ್ಚಿದ ಮರುದಿನವೇ ಜ್ವರ ಬರುವುದಿಲ್ಲ. ವೈರಸ್ ಮೈಗೆ ಸೇರಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಅಂದರೆ ಆ ಸೊಳ್ಳೆ ಕಚ್ಚಿದ್ದು ಆ ವಾರದ ಮಂಗಳವಾರವೋ ಅದಕ್ಕೂ ಮೊದಲೋ. ಆ ದಿನಗಳಲ್ಲಿ ನೀವು ತಪ್ಪದೆ ದೀಪ ಹಚ್ಚುತ್ತಿದ್ದಿರಿ! ಹಾಗೆಂದು ದೀಪದಿಂದ ಪ್ರಯೋಜನವಿಲ್ಲ ಎನ್ನುತ್ತಿಲ್ಲ. ಸೊಳ್ಳೆ ಓಡಿಸುವ ಕೆಲಸವನ್ನು ದೀಪಕ್ಕೆ ಯಾರೂ ವಹಿಸಿರಲಿಲ್ಲ, ಅಷ್ಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತಿನಲ್ಲೇ ಕಚ್ಚುವುದು. ಹೂಕುಂಡದ ತಟ್ಟೆಯಲ್ಲಿ, ಬಕೆಟ್ಟಿನ ತಳದಲ್ಲಿ ನಿಂತ ತಿಳಿನೀರು ಅದಕ್ಕೆ ಸಾಕು. ವಾರಕ್ಕೊಮ್ಮೆ ಅದನ್ನು ಚೆಲ್ಲಿ ಒರೆಸಿಡಿ. ಮಗನ ಆರೋಗ್ಯದ ಬಗ್ಗೆ ನೀವು ಮಾಡಬೇಕಾದದ್ದು ಅದು.

ಮಗು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ‘ನನ್ನಿಂದ ಏನು ತಪ್ಪಾಯಿತು’ ಎಂದು ತಾಯಿಯ ಮನಸ್ಸು ಹುಡುಕುತ್ತದೆ. ಕಾರಣವೇ ಇಲ್ಲ ಎನ್ನುವುದಕ್ಕಿಂತ ತಪ್ಪು ನನ್ನದು ಎನ್ನುವುದೇ ಆಗ ಹೇಗೋ ಸಹಿಸಲು ಸುಲಭ. ತಪ್ಪು ನನ್ನದಾದರೆ ಅದನ್ನು ತಿದ್ದಿಕೊಳ್ಳಬಹುದಲ್ಲ! ಆ ಶುಕ್ರವಾರದ ದೀಪ ನಿಮಗೆ ಆ ಹುಡುಕಾಟದಲ್ಲಿ ಕೈಗೆ ಸಿಕ್ಕಿತು. ಪ್ರೀತಿಯಿಂದಲೇ ಹುಟ್ಟಿದ ಯೋಚನೆ ಅದು, ದಡ್ಡತನದಿಂದಲ್ಲ.

ಒಂದು ಮಾತು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬೇಕು. ಮೇಲಿನ ಲೆಕ್ಕ ಓದಿ ಇವತ್ತು ನಿಮಗೆ ಸಮಾಧಾನವಾಗಬಹುದು. ನಾಳೆ ಬೆಳಿಗ್ಗೆ 7.15ಕ್ಕೆ ಕ್ಯಾಬಿನಲ್ಲಿ ಅದೇ ಎದೆಬಡಿತ ಮತ್ತೆ ಶುರುವಾದರೆ ಆಶ್ಚರ್ಯಪಡಬೇಡಿ. ಹೆದರಿಕೆ ಲೆಕ್ಕ ಕೇಳುವುದಿಲ್ಲ, ಅಭ್ಯಾಸದಿಂದ ಬೆಳೆಯುತ್ತದೆ. ಅದಕ್ಕೆ ದಿನಾ ಆಹಾರ ಸಿಗುತ್ತಿರುವುದು ಆ ಫೋಟೋದಿಂದ. ಅನುಮಾನ ಬರುತ್ತದೆ, ಫೋಟೋ ತರಿಸುತ್ತೀರಿ, ಐದು ನಿಮಿಷ ನಿರಾಳ. ಆ ಐದು ನಿಮಿಷದ ನಿರಾಳದಿಂದ ಮನಸ್ಸು ಕಲಿಯುವ ಪಾಠ ಏನು? ‘ಫೋಟೋ ನೋಡಿದ್ದಕ್ಕೆ ಬಚಾವಾದೆ.’ ಹಾಗಾಗಿ ಮರುದಿನದ ಅನುಮಾನಕ್ಕೆ ಇನ್ನೂ ಸ್ವಲ್ಪ ಬಲ ಬಂದಿರುತ್ತದೆ. ನಿಮ್ಮ ಯಜಮಾನರು ತಾಳ್ಮೆಯಿಂದ ಕಳಿಸುತ್ತಿರುವುದು ಪ್ರೀತಿಯಿಂದಲೇ, ಸಂಶಯವಿಲ್ಲ. ಆದರೆ ಆ ಪ್ರೀತಿ ಇಲ್ಲಿ ತಪ್ಪು ಕೆಲಸ ಮಾಡುತ್ತಿದೆ.

ಇಬ್ಬರೂ ಕೂತು ಮಾತಾಡಿಕೊಳ್ಳಿ. ಇದು ರಾತ್ರಿ ಊಟವಾದ ಮೇಲೆ ಆಡುವ ಮಾತು, ಬೆಳಿಗ್ಗೆಯ ಗಡಿಬಿಡಿಯಲ್ಲಿ ಬೇಡ. ಮೊದಲ ವಾರ ದಿನಕ್ಕೆ ಒಂದೇ ಫೋಟೋ. ಎರಡನೆಯ ವಾರ ಅದೇ ಒಂದು ಫೋಟೋ, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ. ಮೂರನೆಯ ವಾರ ದಿನ ಬಿಟ್ಟು ದಿನ. ಆಮೇಲೆ ಬೇಡ. ನಡುವೆ ನೀವು ತಡೆಯಲಾಗದೆ ಫೋನ್ ಮಾಡಿದರೆ ಅವರು “ಇದನ್ನ ಮಾತಾಡ್ಕೊಂಡಿದ್ವಲ್ಲ, ಸಾಯಂಕಾಲ ಸಿಗೋಣ” ಎಂದಷ್ಟೇ ಹೇಳಲಿ. ದೀಪ ಉರಿಯುತ್ತಿದೆ ಎಂದೂ ಹೇಳುವುದು ಬೇಡ, ಆರಿದೆ ಎಂದೂ ಬೇಡ. ಮೊದಮೊದಲು ಚಡಪಡಿಕೆ ಹೆಚ್ಚುತ್ತದೆ. ಅದು ತಾನಾಗಿ ಏರಿ ತಾನಾಗಿ ಇಳಿಯುವುದನ್ನು ನೀವೇ ಒಂದೆರಡು ಸಲ ಕಂಡರೆ ಸಾಕು, ಧೈರ್ಯ ಬರುತ್ತದೆ. ಅಂದಹಾಗೆ, ಮನೆಯಲ್ಲಿ ಯಾರೂ ಉಳಿಯದ ದಿನ ಉರಿಯುವ ದೀಪ ಬಿಟ್ಟು ಬೀಗ ಹಾಕುವುದು ನಿಜಕ್ಕೂ ಅಪಾಯ. ಅಂಥ ದಿನ ಕೈ ಮುಗಿದು, ದೀಪ ಶಾಂತ ಮಾಡಿ ಹೊರಡಿ. ಅದರಲ್ಲಿ ದೋಷವೇನೂ ಇಲ್ಲ.

ದೇವರು ಮುನಿಸಿಕೊಂಡಿದ್ದಾನೆಯೇ ಎನ್ನುವ ಅಳುಕಿಗೆ ಉತ್ತರ ಹೇಳಲು ನಾನು ಪುರೋಹಿತರಲ್ಲ. ಆದರೆ ನೀವು ಯಾವ ಸಂಪ್ರದಾಯದ ಭಾರ ಹೊತ್ತಿದ್ದೀರೋ ಆ ಸಂಪ್ರದಾಯವೇ ಇಷ್ಟು ಕಟುವಾಗಿಲ್ಲ ಎನ್ನುವುದನ್ನು ನೆನಪಿಸಬಲ್ಲೆ. ಸೂತಕ ಬಂದರೆ ಎಷ್ಟೋ ಮನೆಗಳಲ್ಲಿ ಹತ್ತು ದಿನ ದೇವರ ಪೂಜೆಯೇ ಇರುವುದಿಲ್ಲ. ನಿಮ್ಮ ತವರಿನಲ್ಲೂ ನೋಡಿರುತ್ತೀರಿ. ಹತ್ತು ದಿನ ಪೂಜೆ ನಿಂತಿತೆಂದು ದೇವರು ಆ ಮನೆ ಬಿಟ್ಟು ಹೋದದ್ದನ್ನು ಯಾರಾದರೂ ಹೇಳಿದ್ದಾರೆಯೇ? ಶಂಕರಾಚಾರ್ಯರ ಹೆಸರಿನಲ್ಲಿರುವ ಶಿವಮಾನಸಪೂಜಾ ಸ್ತೋತ್ರದಲ್ಲಿ ಆಸನದಿಂದ ಹಿಡಿದು ನೈವೇದ್ಯದವರೆಗೆ ಎಲ್ಲವೂ ಮನಸ್ಸಿನಲ್ಲೇ ಅರ್ಪಣೆಯಾಗುತ್ತದೆ. ಕೈಯಲ್ಲಿ ಒಂದು ಹೂವೂ ಬೇಕಿಲ್ಲ. ಬೇರೆ ಧರ್ಮಗಳಲ್ಲೂ ಇದೇ ಉದಾರತೆ ಇದೆ. ಪ್ರಯಾಣದಲ್ಲಿರುವ ಮುಸ್ಲಿಮರು ನಾಲ್ಕು ರಕಅತ್‌ಗಳ ನಮಾಜನ್ನು ಎರಡಕ್ಕೆ ಇಳಿಸಿಕೊಳ್ಳಬಹುದು. ಕೊಲ್ಲಿ ದೇಶಗಳಲ್ಲಿ ಬಹುಕಾಲ ವಾರದ ರಜೆ ಶುಕ್ರವಾರವಾಗಿತ್ತು, ಹಲವು ಕಡೆ ಈಗಲೂ ಹಾಗೆಯೇ ಇದೆ. ಹಾಗಾಗಿ ಮಂಗಳೂರಿನಿಂದ ಅಲ್ಲಿಗೆ ದುಡಿಯಲು ಹೋದ ಎಷ್ಟೋ ಕ್ಯಾಥೊಲಿಕರು ಭಾನುವಾರದ ಬಲಿಪೂಜೆಯನ್ನು ಶುಕ್ರವಾರವೇ ಮುಗಿಸಿಕೊಂಡಿದ್ದಾರೆ. ದುಡಿಯುವವರ ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ ಎನ್ನುವುದು ಹಿಂದಿನವರಿಗೂ ಗೊತ್ತಿತ್ತು.

ಈಗ ನಿಮ್ಮ ಅಪ್ಪನ ಆ ಒಂದು ಗಂಟೆಗೆ ಬರೋಣ. ಅದನ್ನು ನೀವು ಅಳತೆಗೋಲು ಮಾಡಿಕೊಂಡು ದಿನಾ ನಿಮ್ಮನ್ನು ಅಳೆದುಕೊಳ್ಳುತ್ತಿದ್ದೀರಿ. ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಗಂಧ ತೇಯ್ದವರು ಯಾರು? ನೀವು. ತುಳಸಿ ತಂದವರೂ ನೀವೇ. ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದವರು, ಬತ್ತಿ ಹೊಸೆದಿಟ್ಟವರು, ದೇವರ ಕೋಣೆ ಸಾರಿಸಿ ರಂಗೋಲಿ ಎಳೆದವರು, ನೈವೇದ್ಯದ ಅನ್ನ ಹೊತ್ತಿಗೆ ಸರಿಯಾಗಿ ಇಳಿಸಿಕೊಟ್ಟವರು ಯಾರೆಂದು ನೀವು ಬರೆದಿಲ್ಲ, ಆದರೆ ಅವರೂ ಇದ್ದೇ ಇರಬೇಕು. ಅಪ್ಪನ ಒಂದು ಗಂಟೆ ಇಡೀ ಮನೆಯ ಗಂಟೆ. ನಿಮ್ಮ ಬೆಂಗಳೂರಿನ ಮನೆಯಲ್ಲಿ ಅಷ್ಟೂ ಜನರ ಕೆಲಸವನ್ನು ಒಬ್ಬರೇ, ಅದೂ ತಿಂಡಿ ಡಬ್ಬಿ ಸ್ಕೂಲ್ ವ್ಯಾನಿನ ನಡುವೆ ಮಾಡಲು ಹೊರಟಿದ್ದೀರಿ. ಆಗದಿದ್ದರೆ ಅದು ಭಕ್ತಿಯ ಕೊರತೆ ಅಲ್ಲ, ಕೈಗಳ ಕೊರತೆ.

ಉಡುಪಿಯ ಕೃಷ್ಣಮಠವನ್ನು ನೋಡಿ. ಅಲ್ಲಿ ಪೂಜೆ ಒಂದು ಹೊತ್ತೂ ತಪ್ಪುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಪೂಜೆಯನ್ನು ಒಂದೇ ಮಠ ಹೊತ್ತಿಲ್ಲ. ಎಂಟು ಮಠಗಳು ಸರದಿಯ ಮೇಲೆ ಹೊರುತ್ತವೆ. ಮೊದಲು ಎರಡೆರಡು ತಿಂಗಳಿಗಿದ್ದ ಸರದಿಯನ್ನು ಸೋದೆಯ ವಾದಿರಾಜರು ಹದಿನಾರನೆಯ ಶತಮಾನದಲ್ಲಿ ಎರಡು ವರ್ಷಕ್ಕೆ ಏರಿಸಿದರು. ಒಂದು ಮಠ ಎರಡು ವರ್ಷ ಪೂಜೆ ಮಾಡಿ ಇಳಿದರೆ ಮತ್ತೆ ಅದರ ಪರ್ಯಾಯ ಬರುವುದು ಹದಿನಾಲ್ಕು ವರ್ಷ ಕಳೆದ ಮೇಲೆ. ಜನವರಿ 18ರಂದು ಅಧಿಕಾರ ಬಿಟ್ಟುಕೊಡುವ ಸ್ವಾಮಿಗಳು ಅಪರಾಧಿ ಭಾವದಿಂದ ಹೊರಡುವುದಿಲ್ಲ. ಹೊಸಬರನ್ನು ಮೆರವಣಿಗೆಯಲ್ಲಿ ಕರೆತಂದು ಊರೇ ಹಬ್ಬ ಮಾಡುತ್ತದೆ. ಸನ್ಯಾಸಿಗಳಿಗೇ ಪಾಳಿ ಬೇಕಾಯಿತು. ಸಂಸಾರ, ಕೆಲಸ, ಮಗುವಿನ ಹೋಂವರ್ಕ್ ಎಲ್ಲವನ್ನೂ ಕಟ್ಟಿಕೊಂಡ ನಿಮಗೆ ಬೇಡವೇ?

ಹಾಗಾದರೆ ನಿಮ್ಮ ಮನೆಯಲ್ಲೂ ಪಾಳಿ ಹಾಕಿ. ವಾರದಲ್ಲಿ ಮೂರು ದಿನ ದೀಪ ಯಜಮಾನರದ್ದು. ಅವರು ನಿಮಗಿಂತ ತಡವಾಗಿ ಹೊರಡುವವರು, ದೀಪದ ಫೋಟೋ ತೆಗೆಯುವಷ್ಟು ಬಿಡುವು ಇದ್ದರೆ ದೀಪ ಹಚ್ಚುವಷ್ಟೂ ಇರುತ್ತದೆ! ಮಗನಿಗೆ ಎಂಟು ವರ್ಷ. ಸಂಜೆ ಹೂ ಏರಿಸುವುದು, ಗಂಟೆ ಬಾರಿಸುವುದು ಅವನಿಗಿರಲಿ. ಅವನು ತಪ್ಪು ಮಾಡುತ್ತಾನೆ, ಗಂಟೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಬಾರಿಸುತ್ತಾನೆ, ಪರವಾಗಿಲ್ಲ. ಯಜಮಾನರು ಮರೆತ ದಿನ ನೀವು ಓಡಿಹೋಗಿ ಹಚ್ಚಬೇಡಿ. ಇದು ಬಲು ಮುಖ್ಯ. ಪಾಳಿ ಕೊಟ್ಟು ಮೇಲ್ವಿಚಾರಣೆ ಇಟ್ಟುಕೊಂಡರೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಅತ್ತೆಯವರ ಮಾತು ಚುಚ್ಚುತ್ತದೆ ಎಂದಿರಿ. ಒಳ್ಳೆಯವರು ಎಂದೂ ಬರೆದಿರಿ, ಅದನ್ನು ಓದಿ ಸಂತೋಷವಾಯಿತು. ಅವರು ಒಂದು ಜೀವಮಾನ ದೀಪ ಕಾಪಾಡಿಕೊಂಡು ಬಂದ ಹೆಂಗಸು. ಮಗನ ಮನೆಯಲ್ಲಿ ಅದು ಕಾಣದಾದಾಗ ಅವರಿಗೂ ಒಂದು ದಿಗಿಲು. ಆ ದಿಗಿಲಿಗೆ ಅವರಿಗೆ ಗೊತ್ತಿರುವ ಭಾಷೆ ‘ಲಕ್ಷ್ಮಿ ನಿಲ್ಲುವುದಿಲ್ಲ’ ಎನ್ನುವುದು. ನಿಮ್ಮನ್ನು ಶಪಿಸುವ ಉದ್ದೇಶ ಅವರಿಗಿರಲಾರದು. ಅವರು ಬಂದ ಒಂದು ಭಾನುವಾರ ಮಧ್ಯಾಹ್ನ ಅವರ ಪಕ್ಕ ಕೂತು ಬತ್ತಿ ಹೊಸೆಯಿರಿ. ಹತ್ತಿಯ ಬೀಜ ತೆಗೆದು, ಎಳೆ ಹಿಂಜಿ, ಚೂರು ಹಾಲು ಮುಟ್ಟಿಸಿದ ಬೆರಳಲ್ಲಿ ತುದಿ ತಿರುವಿ ಹೂಬತ್ತಿ ಮಾಡುವುದನ್ನು ಅವರು ಕಣ್ಣುಮುಚ್ಚಿ ಮಾಡಬಲ್ಲರು, ನಿಮ್ಮದು ಸೊಟ್ಟಗಾಗುತ್ತದೆ. ಹಾಗೆ ಕೈಗೆ ಕೆಲಸವಿದ್ದು ಕಣ್ಣು ಕೆಳಗಿದ್ದಾಗ ಕಷ್ಟದ ಮಾತು ಸಲೀಸಾಗಿ ಬರುತ್ತದೆ. ಆಗ ಹೇಳಿ: “ಅತ್ತೇ, ನೀವು ಹಾಗಂದಾಗ ನನಗೆ ರಾತ್ರಿ ನಿದ್ದೆ ಬರಲ್ಲ. ಪುಟ್ಟನಿಗೆ ಜ್ವರ ಬಂದಿದ್ದು ನನ್ನಿಂದ್ಲೇ ಅನ್ನಿಸಿಬಿಡುತ್ತೆ. ನಾನು ದೀಪ ಬೇಡ ಅನ್ನೋಳಲ್ಲ, ನನಗೆ ಸಾಕಾಗ್ತಿಲ್ಲ. ನೀವಿರೋ ಅಷ್ಟು ದಿನ ಸಂಜೆ ದೀಪ ನಿಮ್ಮದಾಗಲಿ.” ಮೊಮ್ಮಗನ ಜ್ವರಕ್ಕೆ ಸೊಸೆ ತನ್ನನ್ನೇ ಹೊಣೆ ಮಾಡಿಕೊಂಡಿದ್ದಾಳೆ ಎಂದು ಅವರಿಗೆ ಪ್ರಾಯಶಃ ಗೊತ್ತೇ ಇಲ್ಲ.

ವರಮಹಾಲಕ್ಷ್ಮಿಯ ವಿಷಯವನ್ನೂ ಅವರಲ್ಲೇ ಕೇಳಿ. ಆ ಶುಕ್ರವಾರ ಆಗದಿದ್ದರೆ ಶ್ರಾವಣದ ಇನ್ನೊಂದು ಶುಕ್ರವಾರ ವ್ರತ ಮಾಡುವ ರೂಢಿ ಅನೇಕ ಮನೆಗಳಲ್ಲಿದೆ. ಹಿರಿಯರ ಬಾಯಿಂದ ‘ನಡೆಯುತ್ತಮ್ಮಾ’ ಎಂದು ಬಂದರೆ ಅದರ ತೂಕವೇ ಬೇರೆ. ರಜೆ ಸಿಕ್ಕರೆ ಬಹಳ ಒಳ್ಳೆಯದು. ಆದರೆ ರಾತ್ರಿ ಹನ್ನೆರಡಕ್ಕೆ ಒಬ್ಬಟ್ಟು ತಟ್ಟಿ, ನಾಲ್ಕಕ್ಕೆ ಎದ್ದು ಕಳಶ ಅಲಂಕಾರ ಮಾಡಿ, ಫೋಟೋದಲ್ಲಿ ಚೆನ್ನಾಗಿ ಕಂಡು, ಮರುದಿನ ಹಾಸಿಗೆ ಹಿಡಿಯುವ ಹಬ್ಬ ಬೇಡ. ನಮ್ಮ ಹಬ್ಬಗಳು ಇತ್ತೀಚೆಗೆ ಆ ಕಡೆಗೇ ವಾಲುತ್ತಿವೆ, ಲಕ್ಷ್ಮಿಗೂ ಅದನ್ನು ನೋಡಿ ಸುಸ್ತಾಗಬೇಕು.

‘ಕೂತರೂ ಏನೂ ಅನ್ನಿಸುವುದಿಲ್ಲ’ ಎಂದಿರಲ್ಲ, ಅದು ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಮಾತು.

1973ರಲ್ಲಿ ಅಮೆರಿಕದ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ, ಮುಂದೆ ಪಾದ್ರಿಗಳಾಗಬೇಕಿದ್ದ ವಿದ್ಯಾರ್ಥಿಗಳಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಎಂದು ಹೇಳಿದರು. ಅವರಲ್ಲಿ ಹಲವರು ಮಾತಾಡಬೇಕಿದ್ದದ್ದು ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯ ಮೇಲೆ, ಬೈಬಲ್ಲಿನ ಪ್ರಸಿದ್ಧ ಸಾಮತಿ ಅದು. ಕೆಲವರಿಗೆ ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದರು, ಕೆಲವರಿಗೆ ‘ಸಮಯವಿದೆ, ನಿಧಾನವಾಗಿ ಹೋಗಿ’ ಎಂದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಬೇಕೆಂದೇ ಕೂರಿಸಿದ್ದರು. ಸಮಯವಿದ್ದವರಲ್ಲಿ ಶೇಕಡ 63 ಮಂದಿ ಅವನಿಗೆ ಏನಾದರೂ ನೆರವಾದರು. ಆತುರದಲ್ಲಿದ್ದವರಲ್ಲಿ ಶೇಕಡ 10 ಮಾತ್ರ. ನೆರವಾಗುವುದರ ಬಗ್ಗೆಯೇ ಮಾತಾಡಲು ಹೊರಟಿದ್ದ ಕೆಲವರು ಅವನನ್ನು ದಾಟಿಕೊಂಡೇ ಹೋದರಂತೆ.

ಆ ಹುಡುಗರ ನಂಬಿಕೆ ಸುಳ್ಳಾಗಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಆತುರ ಅವರ ಭಕ್ತಿಯನ್ನು ಕಿತ್ತುಕೊಳ್ಳಲಿಲ್ಲ, ಗಮನವನ್ನು ಕಿತ್ತುಕೊಂಡಿತು. ಬರಿಯ 40 ಮಂದಿಯ ಮೇಲೆ ನಡೆದ ಸಣ್ಣ ಪ್ರಯೋಗ ಅದು, ಅದರಿಂದ ಜಗತ್ತಿನ ಎಲ್ಲರ ಬಗ್ಗೆ ತೀರ್ಮಾನ ಮಾಡುವುದು ಸಲ್ಲದು. ಆದರೆ ನಿಮ್ಮ ಬೆಳಗಿನ ಚಿತ್ರ ಅದರಲ್ಲಿ ಕಾಣುತ್ತದೆ. ಎದ್ದ ಕ್ಷಣದಿಂದ ಓಡುತ್ತಿರುವ ಮೈಗೆ ‘ಈಗ ಎರಡು ನಿಮಿಷ ತನ್ಮಯವಾಗು’ ಎಂದು ಅಪ್ಪಣೆ ಕೊಟ್ಟರೆ ಅದು ಕೇಳುವುದಿಲ್ಲ. ಓಡುತ್ತಿರುವ ಫ್ಯಾನಿನ ಸ್ವಿಚ್ ಆರಿಸಿದರೂ ರೆಕ್ಕೆ ತಕ್ಷಣ ನಿಲ್ಲುತ್ತದೆಯೇ? ನೀವು ಬಿಡುವು ಮಾಡಿಕೊಂಡು ಕೂತ ಮೊದಲ ಹತ್ತು ನಿಮಿಷ ಟಿಫಿನ್ ಡಬ್ಬಿಗೇ ಹೋಗುತ್ತದೆ. ಅಷ್ಟರಲ್ಲಿ ನೀವು ‘ನೋಡು, ನನಗೇನೂ ಅನ್ನಿಸುತ್ತಿಲ್ಲ’ ಎಂದು ಎದ್ದುಬಿಡುತ್ತೀರಿ.

ಇದಕ್ಕೆ ನಾನು ಹೇಳುವುದು ಒಂದೇ. ಹೆಚ್ಚು ಮಾಡಬೇಡಿ, ಒಂದನ್ನೇ ಪೂರ್ತಿ ಮಾಡಿ. ಸಹಸ್ರನಾಮ ಇಡೀ ವಾರ ಬೇಡ. ಭಾನುವಾರವೋ ರಜೆಯ ಇನ್ನೊಂದು ದಿನವೋ, ಅದರ ಸಹಜ ವೇಗದಲ್ಲಿ, ಇಯರ್‌ಫೋನ್ ಇಲ್ಲದೆ, ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಾ ಅಲ್ಲ, ಕೂತು ಕೇಳಿ. ಉಳಿದ ದಿನ ಕ್ಯಾಬಿನಲ್ಲಿ ಫೋನ್ ಬ್ಯಾಗಿನೊಳಗಿರಲಿ. ನಿಮಗೆ ಬಾಲ್ಯದಿಂದ ಬಾಯಿಗೆ ಬರುವ ಯಾವುದಾದರೂ ಒಂದು ನಾಲ್ಕು ಸಾಲು ಇರಬಹುದು, ಅಪ್ಪ ಹೇಳಿಕೊಟ್ಟದ್ದು. ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಕಿಟಕಿಯಾಚೆ ನೋಡಿ. ಮನಸ್ಸು ಡಬ್ಬಿಗೆ ಹೋದರೆ ಹೋಗಲಿ, ಬಯ್ಯದೆ ವಾಪಸು ಕರೆಯಿರಿ. ಪ್ರಯೋಜನವಾಯಿತೇ ಎಂದು ಅಳೆಯಬೇಡಿ. ಗಂಧದ ಕೊರಡು, ಸಾಣೆಕಲ್ಲು ಮನೆಯಲ್ಲಿದ್ದರೆ ರಜೆಯ ದಿನ ಒಮ್ಮೆ ನೀವೇ ತೇಯಿರಿ. ನೀರು ಬಿಟ್ಟು ಕೈ ತಿರುಗಿಸುವಾಗ ಕಲ್ಲಿನಿಂದ ಏಳುವ ಆ ತಣ್ಣನೆಯ ಪರಿಮಳ ನಿಮ್ಮ ಕೈಗಳಿಗೆ ಗೊತ್ತು. ಕೆಲವು ನೆನಪುಗಳನ್ನು ತಲೆಗಿಂತ ಬೆರಳುಗಳು ಚೆನ್ನಾಗಿ ಇಟ್ಟುಕೊಂಡಿರುತ್ತವೆ.

ಇಲ್ಲಿ ಯಾರಾದರೂ ನಿಮಗೆ ಬಂದು ‘ಕೆಲಸವೇ ಪೂಜೆ, ಬೇರೆ ಪೂಜೆ ಯಾಕೆ’ ಎನ್ನಬಹುದು. ಶರಣರ ಕಾಯಕದ ಮಾತನ್ನು ಆಫೀಸಿನ ಗೋಡೆಗೆ ಅಂಟಿಸಿ ರಾತ್ರಿ ಹತ್ತರವರೆಗೆ ದುಡಿಸಿಕೊಳ್ಳುವವರೂ ಇದ್ದಾರೆ. ಹಗ್ಗ ಹೊಸೆದು ಬದುಕುತ್ತಿದ್ದ ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿದೆ. ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ನೀರಿಗೆ ಬಿದ್ದರೂ ಆತ ಕಾಯಕ ನಿಲ್ಲಿಸದೆ ಮುಂದೆ ಹೋದನಂತೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆಯುತ್ತಾರೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಇದು ಆಸೆ ಎಂದು ಹೇಳಿ ಹೆಚ್ಚಿನದನ್ನು ವಾಪಸು ಸುರಿದು ಬರಲು ಕಳಿಸಿದವಳು ಆಕೆ. ಕಾಯಕಕ್ಕೆ ಒಂದು ಎಲ್ಲೆ ಇತ್ತು. ಎಲ್ಲೆಯಿಲ್ಲದ ದುಡಿಮೆಗೆ ಆ ದೊಡ್ಡ ಹೆಸರು ಕೊಡಬೇಡಿ. ನಿಮ್ಮ ಏಳೂವರೆಯ ಕಾಲ್ ದಿನಾ ಬೇಕೇ, ವಾರದಲ್ಲಿ ಎರಡು ದಿನ ಎಂಟಕ್ಕೆ ಸರಿಸಬಹುದೇ ಎಂದು ಮ್ಯಾನೇಜರ್ ಹತ್ತಿರ ಒಮ್ಮೆ ಕೇಳಿದ್ದೀರಾ? ಎಷ್ಟೋ ಜನ ದೇವರ ಹತ್ತಿರ ನೂರು ಸಲ ಕ್ಷಮೆ ಕೇಳುತ್ತಾರೆ, ಮೇಲಧಿಕಾರಿಯ ಹತ್ತಿರ ಅರ್ಧ ಗಂಟೆ ಕೇಳುವುದಿಲ್ಲ. ಕೇಳಿ ನೋಡಿ. ಇಲ್ಲ ಎನ್ನಬಹುದು. ಎನ್ನಲಿ.

ಇನ್ನೂ ಒಂದು ಅನುಮಾನ ನನಗಿದೆ. ನೀವು ಎಷ್ಟು ಹೊತ್ತು ಮಲಗುತ್ತೀರಿ ಎಂದು ಬರೆದಿಲ್ಲ. ಐದು ಗಂಟೆ ನಿದ್ದೆ ಮಾಡುವವರಿಗೆ ದೇವರ ಮುಂದೆ ಮಾತ್ರವಲ್ಲ, ಹಾಡು ಕೇಳುವಾಗ, ಮಗುವನ್ನು ಅಪ್ಪಿಕೊಂಡಾಗಲೂ ಏನೂ ಅನ್ನಿಸದೆ ಹೋಗುತ್ತದೆ. ಹಾಗಿದ್ದರೆ ಪೂಜೆಗೆಂದು ಇನ್ನೂ ಬೇಗ ಅಲಾರಂ ಇಡುವುದು ಪರಿಹಾರವಲ್ಲ, ರಾತ್ರಿ ಬೇಗ ಮಲಗುವುದು ಪರಿಹಾರ. ಇದು ತೀರಾ ಸಾಮಾನ್ಯ ಮಾತಾಯಿತು ಎನ್ನಿಸಿದರೂ ಎರಡು ವಾರ ಪ್ರಯತ್ನಿಸಿ.

ಕೊನೆಯದಾಗಿ, ಯಾವಾಗ ಹೊರಗಿನ ನೆರವು ಬೇಕು ಎನ್ನುವುದು. ಪತ್ರ ಓದಿ ರೋಗದ ಹೆಸರು ಹೇಳುವುದು ಸರಿಯಲ್ಲ, ನಾನು ಹೇಳುವುದೂ ಇಲ್ಲ. ಆದರೆ ದೀಪದ ಬಗೆಗಿನ ಅನುಮಾನ, ಮತ್ತೆ ಮತ್ತೆ ಪರೀಕ್ಷಿಸುವುದು, ಅದರ ಯೋಚನೆ ಇವೆಲ್ಲ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ಫೋಟೋ ನಿಲ್ಲಿಸುವ ಪ್ರಯತ್ನ ನಿಮ್ಮ ಕೈಲಿ ಆಗದೇ ಹೋದರೆ, ಅಥವಾ ದೀಪದಿಂದ ಶುರುವಾದದ್ದು ಮಡಿ, ಮೈಲಿಗೆ, ಕೈ ತೊಳೆಯುವುದು, ಮಂತ್ರ ತಪ್ಪಿತೆಂದು ಮೊದಲಿನಿಂದ ಹೇಳುವುದು ಹೀಗೆ ಹಬ್ಬುತ್ತಿದ್ದರೆ ಮನೋವೈದ್ಯರನ್ನು ನೋಡಿ. ಇದು ಗೀಳಿನ ರೂಪಕ್ಕೆ ತಿರುಗುವುದುಂಟು, ಭಕ್ತಿವಂತರಲ್ಲಿ ಅದು ಭಕ್ತಿಯ ವೇಷದಲ್ಲೇ ಬರುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅನುಮಾನವನ್ನು ಪರೀಕ್ಷಿಸದೆ ಸಹಿಸಿಕೊಳ್ಳುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ, ಬೇಕಾದರೆ ಮಾತ್ರೆಯನ್ನೂ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಬೇರೆ ಊರಿನ ಓದುಗರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನ್ನಿಸುವ ಯೋಚನೆ ಒಮ್ಮೆ ಸುಳಿದಿದ್ದರೂ ತಡ ಮಾಡದೆ ಇವತ್ತೇ ಕರೆ ಮಾಡಿ.

ಕರೆ ಮಾಡಿದಾಗ ಏನು ಹೇಳುವುದು ಎಂದು ತಡವರಿಸಬೇಡಿ. “ಮನೆಯಿಂದ ಹೊರಟ ಮೇಲೆ ದೀಪದ ಬಗ್ಗೆ ಯೋಚನೆ ನಿಲ್ಲುವುದಿಲ್ಲ, ಗಂಡನ ಹತ್ತಿರ ಫೋಟೋ ತರಿಸಿಕೊಳ್ಳುತ್ತೇನೆ” ಎಂದಿಷ್ಟೇ ಹೇಳಿದರೂ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಆ ಫೋಟೋಗಳ ವಿಷಯ ಗೊತ್ತಿರುವ ಇನ್ನೊಬ್ಬರು ಅವರೇ ಅಲ್ಲವೇ?